ಮುಂದೆ ಕಾಣ್ತಾ ಇದೆಯಾ? ಕಾಸರಗೋಡಿನ ಕಾರಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಕಾಸರಗೋಡಿನಲ್ಲಿ ಕಾರು ಓಡಿಸುವವರಿಗೆ ಎರಡು ಕಾಟ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಿಡದೆ ಹೊಯ್ಯುವ ಮಳೆ. ಉಳಿದ ತಿಂಗಳು ಕಣ್ಣಿಗೇ ಹೊಡೆಯುವ ಬಿಸಿಲು. ಎರಡಕ್ಕೂ ಬೇಕಾದ ಸಾಮಾನು ಕಾರಿನಲ್ಲೇ ಇದೆ: ಮೂರು ಕನ್ನಡಿ, ಎರಡು ವೈಪರ್, ತಲೆಯ ಮೇಲೆ ಮಡಚುವ ಎರಡು ಸನ್‌ಶೇಡ್. ಹೆಚ್ಚಿನವರು ಅವನ್ನು ಶೋರೂಮಿನಿಂದ ತಂದ ದಿನ ಹೇಗಿತ್ತೋ ಹಾಗೇ ಬಿಟ್ಟಿರುತ್ತಾರೆ. ಆಮೇಲೆ "ಏನೂ ಕಾಣೋದಿಲ್ಲ ಮಾರಾಯ್ರೆ" ಅನ್ನುತ್ತಾರೆ.

ಕನ್ನಡಿ ಸರಿ ಮಾಡುವುದು ಎಲ್ಲಿಂದ ಶುರು ಮಾಡಬೇಕು?

ಸೀಟಿನಿಂದ. ಮೊದಲು ಸೀಟಿನ ಎತ್ತರ, ದೂರ, ಬೆನ್ನಿನ ಓರೆ ಸರಿ ಮಾಡಿ. ಬೆಲ್ಟ್ ಹಾಕಿ, ದಿನಾ ಕೂರುವ ಹಾಗೆ ಕೂತುಕೊಳ್ಳಿ. ಕನ್ನಡಿ ಮುಟ್ಟುವುದು ಆಮೇಲೆ. ಸೀಟು ಎರಡು ಇಂಚು ಹಿಂದೆ ಹೋದರೂ ಕನ್ನಡಿಯಲ್ಲಿ ಕಾಣುವ ಜಾಗ ಬದಲಾಗುತ್ತದೆ. ಮನೆಯಲ್ಲಿ ಒಂದೇ ಕಾರನ್ನು ಅಪ್ಪ, ಮಗಳು ಇಬ್ಬರೂ ಓಡಿಸುವುದಾದರೆ ಪ್ರತಿ ಸಲ ಹತ್ತುವಾಗಲೂ ಕನ್ನಡಿ ನೋಡಲೇಬೇಕು. ಬೇಸರಪಟ್ಟರೆ ಆಗುವುದಿಲ್ಲ.

ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಪೂರ್ತಿ ಕಾಣಬೇಕು. ನಿಮ್ಮ ಕಿವಿ, ಹಿಂದೆ ಕೂತ ಮಗುವಿನ ಮುಖ ಕಂಡರೆ ಆ ಜಾಗ ದಂಡ. ಹಿಂದಿನ ಗಾಜಿನ ಹತ್ತಿರ ದಿಂಬು, ಗೊಂಬೆ, ಮದುವೆಗೆ ಹೊರಟ ಚೀಲ ಪೇರಿಸಿದ್ದರೆ ಕನ್ನಡಿ ಎಷ್ಟು ತಿರುಗಿಸಿದರೂ ಅಷ್ಟೇ.

ಹೊರಗಿನ ಕನ್ನಡಿಯಲ್ಲಿ ನಮ್ಮ ಕಾರಿನ ಬದಿ ಎಷ್ಟು ಕಾಣಬೇಕು?

ಈ ಪ್ರಶ್ನೆಗೆ ಎರಡು ಪಂಗಡದವರಿದ್ದಾರೆ. ಡ್ರೈವಿಂಗ್ ಶಾಲೆಯವರು ಹೇಳಿಕೊಡುವುದು ಹಳೆಯ ಕ್ರಮ. ಕನ್ನಡಿಯ ಒಳ ಅಂಚಿನಲ್ಲಿ ಕಾರಿನ ಮೈ ಒಂದು ಸಣ್ಣ ಪಟ್ಟಿಯಷ್ಟು ಕಾಣಬೇಕು, ದೂರದ ರಸ್ತೆ ಕನ್ನಡಿಯ ನಡುವಿನಲ್ಲಿ ಬರಬೇಕು.

ಇನ್ನೊಂದು ಕ್ರಮವನ್ನು ಅಮೆರಿಕದ ಜಾರ್ಜ್ ಪ್ಲಾಟ್ಜರ್ ಎನ್ನುವವರು 1995ರಲ್ಲಿ ಆಟೊಮೊಬೈಲ್ ಎಂಜಿನಿಯರುಗಳ ಮುಂದೆ ಇಟ್ಟರು. ತಲೆಯನ್ನು ಬಲಗಡೆ ಕಿಟಕಿಗೆ ತಾಗುವಷ್ಟು ವಾಲಿಸಿ, ಆಗ ಮಾತ್ರ ಕಾರಿನ ಮೈ ಅಂಚಿನಲ್ಲಿ ಕಾಣುವ ಹಾಗೆ ಬಲಗನ್ನಡಿಯನ್ನು ಹೊರಗೆ ತಿರುಗಿಸಬೇಕು. ಎಡಗನ್ನಡಿಗೆ ತಲೆಯನ್ನು ಎರಡು ಸೀಟುಗಳ ನಡುವಿಗೆ ತಂದು ಹಾಗೇ ಮಾಡಬೇಕು. ನೆಟ್ಟಗೆ ಕೂತಾಗ ಕಾರಿನ ಮೈ ಕಾಣುವುದೇ ಇಲ್ಲ. ಅದರ ಬದಲು ಪಕ್ಕದ ಸಾಲು ಅಗಲವಾಗಿ ಕಾಣುತ್ತದೆ. ಹಿಂದಿನಿಂದ ಬಂದ ಗಾಡಿ ಒಳಗಿನ ಕನ್ನಡಿಯಿಂದ ಜಾರಿ ಹೊರಗಿನ ಕನ್ನಡಿಗೆ ಬರುತ್ತದೆ, ಅಲ್ಲಿಂದ ಜಾರುವ ಹೊತ್ತಿಗೆ ಕಣ್ಣ ಮೂಲೆಯಲ್ಲೇ ಇರುತ್ತದೆ.

ತಲಪಾಡಿ-ಚೆಂಗಳ ಮಧ್ಯೆ ಆರು ಸಾಲಿನ ಹೆದ್ದಾರಿಯಲ್ಲಿ ಎರಡನೆಯ ಕ್ರಮವೇ ಒಳ್ಳೆಯದು. ಅಲ್ಲಿ ಸಾಲು ಬದಲಿಸುವುದೇ ದೊಡ್ಡ ಕೆಲಸ. ಆದರೆ ಪೆರ್ಲ, ಬದಿಯಡ್ಕ, ಮುಳ್ಳೇರಿಯ ಕಡೆಯ ಒಳರಸ್ತೆಗಳಲ್ಲಿ ಎದುರಿನಿಂದ ಬಸ್ಸು ಬಂದರೆ ಎಡಚಕ್ರವನ್ನು ಚರಂಡಿಯ ಅಂಚಿಗೆ ಇಳಿಸಬೇಕಾಗುತ್ತದೆ. ಆಗ ಕಾರಿನ ಮೈ ಎಲ್ಲಿದೆ ಅಂತ ಕನ್ನಡಿಯಲ್ಲಿ ಕಾಣದಿದ್ದರೆ ಕಷ್ಟ. ಹಾಗಾಗಿ ಎಡಗನ್ನಡಿಯಲ್ಲಿ ಕಾರಿನ ಮೈ ಒಂದು ಗೆರೆಯಷ್ಟು ಉಳಿಸಿಕೊಳ್ಳುವುದು, ಬಲಗನ್ನಡಿಯನ್ನು ಪ್ಲಾಟ್ಜರ್ ಹೇಳಿದ ಹಾಗೆ ಸ್ವಲ್ಪ ಹೊರಗೆ ತಿರುಗಿಸುವುದು ನಮ್ಮೂರಿಗೆ ಹೊಂದುತ್ತದೆ. ಪುಸ್ತಕದ ಪ್ರಕಾರ ಇದು ಅರ್ಧಂಬರ್ಧ. ಇರಲಿ ಬಿಡಿ.

ಯಾವ ಕ್ರಮವಾದರೂ ಎಡಕ್ಕೆ ತಿರುಗುವ ಮೊದಲು ಒಮ್ಮೆ ಕತ್ತು ತಿರುಗಿಸಿ ನೋಡಿ. ಸರ್ವಿಸ್ ರೋಡಿನಲ್ಲಿ ಸ್ಕೂಟರಿನವರು ಎಡಗಡೆಯ ಸಂದಿಯಲ್ಲೇ ನುಗ್ಗುವುದು.

ಎಡಗನ್ನಡಿಯಲ್ಲಿ ದೂರ ಇದ್ದ ಬಸ್ಸು ಮರುಕ್ಷಣ ಪಕ್ಕದಲ್ಲೇ ಇತ್ತು. ಕನ್ನಡಿಯದೇ ದೋಷವಾ?

ದೋಷ ಅಲ್ಲ, ಅದು ಉಬ್ಬುಗನ್ನಡಿ. ಜಾಸ್ತಿ ಜಾಗ ತೋರಿಸಲಿಕ್ಕಾಗಿ ಎಲ್ಲವನ್ನೂ ಚಿಕ್ಕದು ಮಾಡಿ ತೋರಿಸುತ್ತದೆ. ಚಿಕ್ಕದಾಗಿ ಕಂಡದ್ದನ್ನು ನಮ್ಮ ತಲೆ ದೂರ ಅಂತ ಲೆಕ್ಕ ಹಾಕುತ್ತದೆ. ಒಳಗಿನ ಕನ್ನಡಿ ಚಪ್ಪಟೆ, ಅದರಲ್ಲಿ ದೂರದ ಅಂದಾಜು ಸರಿ ಸಿಗುತ್ತದೆ. ಹೊರಗಿನದರಲ್ಲಿ 'ಯಾರಾದರೂ ಇದ್ದಾರಾ' ಅಂತ ನೋಡಿ, ಒಳಗಿನದರಲ್ಲಿ 'ಎಷ್ಟು ದೂರ ಇದ್ದಾರೆ' ಅಂತ ನೋಡಿ. ಸಣ್ಣ ಬಿಲ್ಲೆಯಂಥ ಗುಂಡುಗನ್ನಡಿ ಅಂಟಿಸಿಕೊಂಡರೆ ಅದರಲ್ಲಿ ಎಲ್ಲವೂ ಇನ್ನೂ ಚಿಕ್ಕದು. ಚರಂಡಿ ಅಂಚು ನೋಡಲಿಕ್ಕೆ ಅದು ಸಾಕು, ಓವರ್‌ಟೇಕ್ ಮಾಡುವವರನ್ನು ಅಳೆಯಲಿಕ್ಕೆ ಬೇಡ.

ಮನೆಯ ದಾರಿ ಕಡಿದಾದ ಇಳಿಜಾರು, ಎರಡೂ ಕಡೆ ಮುರಕಲ್ಲಿನ ಕಟ್ಟೆ. ರಿವರ್ಸ್ ಹೋಗುವಾಗ ಕಟ್ಟೆ ಕಾಣುವುದಿಲ್ಲ.

ರಿವರ್ಸ್ ಮಾಡುವಷ್ಟು ಹೊತ್ತು ಎಡಗನ್ನಡಿಯನ್ನು ಕೆಳಕ್ಕೆ ಬಗ್ಗಿಸಿ. ಹಿಂದಿನ ಚಕ್ರ ನೆಲಕ್ಕೆ ತಾಗುವ ಜಾಗ ಕಾಣಬೇಕು. ಕೆಲವು ಕಾರುಗಳಲ್ಲಿ ರಿವರ್ಸ್ ಗೇರು ಹಾಕಿದರೆ ಅದು ತಾನಾಗಿಯೇ ಬಗ್ಗುತ್ತದೆ. ರಸ್ತೆಗೆ ಬಂದ ಮೇಲೆ ಮೊದಲಿನ ಹಾಗೆ ಮಾಡಲು ಮರೆಯಬೇಡಿ.

2019ರ ಜುಲೈ 1ರ ನಂತರ ತಯಾರಾದ ಹೊಸ ಕಾರುಗಳಿಗೆ ರಿವರ್ಸ್ ಸೆನ್ಸರ್ ಕಡ್ಡಾಯ. ಬೀಪ್ ಸದ್ದು ಒಳ್ಳೆಯದೇ, ಆದರೆ ತೆಳುವಾದ ಬೇಲಿಗೂಟ, ನೆಲಕ್ಕೆ ತಗ್ಗಾದ ಕಲ್ಲು ಅದಕ್ಕೆ ತಪ್ಪಿಹೋಗಬಹುದು. ಅಂಗಳದಲ್ಲಿ ಮಕ್ಕಳಿದ್ದರೆ ಇಳಿದು ಒಂದು ಸುತ್ತು ನೋಡಿ ಬನ್ನಿ. ಮಳೆಗಾಲದಲ್ಲಿ ಹಿಂದಿನ ಕ್ಯಾಮೆರಾದ ಮೇಲೆ ಕೆಸರು ಕೂತು ಸ್ಕ್ರೀನಿನಲ್ಲಿ ಬರೀ ಮಸುಕು ಕಾಣುತ್ತದೆ. ಒದ್ದೆ ಬೆರಳಿನಿಂದ ಒರೆಸಿದರೂ ಸಾಕು.

ರಾತ್ರಿ ಹಿಂದಿನ ಗಾಡಿಯ ಬ್ರೈಟ್ ಲೈಟು ಕನ್ನಡಿಯಿಂದ ಕಣ್ಣಿಗೆ ಹೊಡೆಯುತ್ತದೆ. ಏನು ಮಾಡುವುದು?

ಒಳಗಿನ ಕನ್ನಡಿಯ ಅಡಿಯಲ್ಲಿ ಒಂದು ಸಣ್ಣ ನಾಲಗೆ ಇರುತ್ತದೆ, ನೋಡಿ. ಅದನ್ನು ನಿಮ್ಮ ಕಡೆಗೆ ಎಳೆಯಿರಿ ಅಥವಾ ಹಿಂದಕ್ಕೆ ತಳ್ಳಿ. ಕನ್ನಡಿ ಥಟ್ಟನೆ ಮಬ್ಬಾಗುತ್ತದೆ. ಆ ಗಾಜು ಒಂದು ಕಡೆ ದಪ್ಪ, ಒಂದು ಕಡೆ ತೆಳು. ಹಗಲಿನಲ್ಲಿ ಹಿಂಬದಿಯ ಬೆಳ್ಳಿ ಲೇಪದ ಬಿಂಬ ಕಾಣುತ್ತದೆ. ನಾಲಗೆ ತಿರುಗಿಸಿದರೆ ಆ ಬಿಂಬ ಕಾರಿನ ಮಾಡಿನ ಕಡೆಗೆ ಹೋಗುತ್ತದೆ, ನಿಮಗೆ ಗಾಜಿನ ಮುಂಭಾಗದ ಬಿಂಬ ಮಾತ್ರ ಸಿಗುತ್ತದೆ. ಅದು ಬಿದ್ದ ಬೆಳಕಿನ ಸುಮಾರು ಶೇಕಡಾ 4ರಷ್ಟು. ಕಣ್ಣಿಗೆ ಹಿತ. ಬೆಳಿಗ್ಗೆ ಮತ್ತೆ ತಿರುಗಿಸಿ, ಇಲ್ಲದಿದ್ದರೆ ಹಗಲು ಹೊತ್ತಿನಲ್ಲಿ ಹಿಂದಿನದು ಸರಿಯಾಗಿ ಕಾಣುವುದಿಲ್ಲ.

ಬೆಳಿಗ್ಗೆ, ಸಂಜೆ ಬಿಸಿಲು ಮುಖಕ್ಕೇ ಬರುತ್ತದೆ. ಸನ್‌ಶೇಡ್ ಇಳಿಸಿದರೂ ಸಾಲುವುದಿಲ್ಲ. ಉಪಾಯ ಏನು?

ನೀವು ಯಾವ ರಸ್ತೆಯವರು ಅನ್ನುವುದರ ಮೇಲೆ ಉತ್ತರ ನಿಂತಿದೆ. ನಮ್ಮ ಜಿಲ್ಲೆಯ ರಸ್ತೆಗಳನ್ನು ಸುಮಾರಾಗಿ ಎರಡು ಬಗೆ ಮಾಡಬಹುದು. ಹೆದ್ದಾರಿ 66 ಕಡಲಿನ ಗುಂಟ ಉತ್ತರ-ದಕ್ಷಿಣ. ಕುಂಬಳೆ-ಬದಿಯಡ್ಕ, ಚೆರ್ಕಳ-ಜಾಲ್ಸೂರು ರಸ್ತೆಗಳು ಪೂರ್ವ-ಪಶ್ಚಿಮ.

ಕುಂಬಳೆಯಲ್ಲಿ ಮನೆ, ಬದಿಯಡ್ಕದಲ್ಲಿ ಕೆಲಸ ಅಂತಿಟ್ಟುಕೊಳ್ಳಿ. ಬೆಳಿಗ್ಗೆ ಪೂರ್ವಕ್ಕೆ ಹೊರಟಾಗ ಸೂರ್ಯ ಎದುರಿಗೆ. ಸಂಜೆ ಪಶ್ಚಿಮಕ್ಕೆ ಮರಳುವಾಗಲೂ ಎದುರಿಗೆ. ನಿಮಗೆ ಎರಡು ಹೊತ್ತೂ ಕಷ್ಟ. ಬದಿಯಡ್ಕದಿಂದ ಕುಂಬಳೆಗೆ ಕೆಲಸಕ್ಕೆ ಹೋಗುವವರಿಗೆ ಎರಡು ಹೊತ್ತೂ ಸೂರ್ಯ ಬೆನ್ನಿಗೆ. ಅವರು ಆರಾಮ ಅಂತ ಅನಿಸುತ್ತದೆ, ಅಲ್ವಾ? ಆದರೆ ಅವರ ಎದುರಿಗೆ ಬರುವವರಿಗೆ ಏನೂ ಕಾಣುತ್ತಿರುವುದಿಲ್ಲ. ಬೆನ್ನಿಗೆ ಬಿಸಿಲು ಇದ್ದವರೇ ಹೆಡ್‌ಲೈಟ್ ಹಾಕಿಕೊಳ್ಳಬೇಕು, ಎದುರಿನವರಿಗೆ ಕಾಣಿಸಿಕೊಳ್ಳಲಿಕ್ಕೆ.

ಮಂಗಳೂರಿಗೆ ದಿನಾ ಹೋಗಿ ಬರುವವರ ಕಥೆ ಬೇರೆ. ಬೆಳಿಗ್ಗೆ ಉತ್ತರಕ್ಕೆ ಹೋಗುವಾಗ ಪೂರ್ವ ಬಲಗಡೆ. ಸಂಜೆ ದಕ್ಷಿಣಕ್ಕೆ ಬರುವಾಗ ಪಶ್ಚಿಮವೂ ಬಲಗಡೆ. ಎರಡು ಹೊತ್ತೂ ಬಲಗೆನ್ನೆ ಸುಡುತ್ತದೆ. ಇವರಿಗಾಗಿಯೇ ಸನ್‌ಶೇಡಿನ ಒಂದು ತುದಿ ಕೊಂಡಿಯಿಂದ ಬಿಚ್ಚಿ ಬರುವುದು. ಒಳಗಿನ ಕನ್ನಡಿಯ ಕಡೆಯ ತುದಿಯನ್ನು ಕೊಂಡಿಯಿಂದ ತೆಗೆದು ಬಲ ಕಿಟಕಿಯ ಕಡೆಗೆ ತಿರುಗಿಸಿ. ಎಷ್ಟೋ ವರ್ಷದಿಂದ ಕಾರು ಇಟ್ಟುಕೊಂಡವರಿಗೂ ಇದು ಗೊತ್ತಿರುವುದಿಲ್ಲ.

ಸನ್‌ಶೇಡನ್ನು ಎದುರಿನ ರಸ್ತೆಯನ್ನೇ ಮುಚ್ಚುವಷ್ಟು ಇಳಿಸಬೇಡಿ. ಸೂರ್ಯನ ಬಿಂಬ ಅದರ ಕೆಳ ಅಂಚಿನ ಹಿಂದೆ ಮರೆಯಾದರೆ ಸಾಕು. ಸೀಟು ತಗ್ಗಾಗಿ ಇಟ್ಟುಕೊಂಡವರಿಗೆ ಸನ್‌ಶೇಡ್ ಯಾವಾಗಲೂ ಮೇಲಾಗುತ್ತದೆ, ಅವರು ಸೀಟು ಒಂದಿಷ್ಟು ಎತ್ತರಿಸಲಿ. ಸೂರ್ಯ ತೀರಾ ಕೆಳಗೆ ಇಳಿದಾಗ ಯಾವ ಸನ್‌ಶೇಡೂ ಕೆಲಸಕ್ಕೆ ಬಾರದು. ಆಗ ವೇಗ ಕಡಿಮೆ ಮಾಡುವುದೊಂದೇ ದಾರಿ. ಗಂಟೆಗೆ 60 ಕಿಲೋಮೀಟರಿನಲ್ಲಿ ಕಾರು ಸೆಕೆಂಡಿಗೆ 16 ಮೀಟರಿಗಿಂತ ಜಾಸ್ತಿ ಓಡುತ್ತದೆ. ಒಂದು ಸೆಕೆಂಡು ಕಣ್ಣು ಕುಕ್ಕಿದರೆ ಅಷ್ಟು ದೂರ ಕುರುಡಾಗಿ ಹೋದ ಹಾಗೆ.

ಇನ್ನೊಂದು ಮಾತು. ಎದುರು ಬಿಸಿಲಿನಲ್ಲಿ ಗಾಜೆಲ್ಲ ಬೆಳ್ಳಗೆ ಹೊಳೆದರೆ ತಪ್ಪು ಸೂರ್ಯನದು ಮಾತ್ರ ಅಲ್ಲ. ಗಾಜಿನ ಒಳಮೈಯನ್ನು ಬೆರಳಿನಿಂದ ಸವರಿ ನೋಡಿ, ಜಿಡ್ಡು ಸಿಗುತ್ತದೆ. ಬಿಸಿಲಿಗೆ ಕಾದ ಡ್ಯಾಶ್‌ಬೋರ್ಡಿನ ಪ್ಲಾಸ್ಟಿಕ್ ಆವಿ ಬಿಡುತ್ತದೆ, ಅದು ಗಾಜಿಗೆ ಅಂಟುತ್ತದೆ. ಹೊರಗಡೆ ದಿನಾ ತೊಳೆಯುವವರೂ ಒಳಗಡೆ ಒರೆಸುವುದಿಲ್ಲ. ಗಾಜು ಒರೆಸುವ ದ್ರವ ಹಾಕಿ ಒಂದು ಬಟ್ಟೆಯಲ್ಲಿ ಉಜ್ಜಿ, ಇನ್ನೊಂದು ಒಣಬಟ್ಟೆಯಲ್ಲಿ ತೆಗೆಯಿರಿ. ಒಂದೇ ಬಟ್ಟೆಯಾದರೆ ಜಿಡ್ಡು ಅಲ್ಲಿಂದ ಇಲ್ಲಿಗೆ ಸರಿಯುತ್ತದೆ, ಅಷ್ಟೇ.

ಅಡಿಕೆ ತೋಟದ ನಡುವಿನ ರಸ್ತೆಯಲ್ಲಿ ಕೂಲಿಂಗ್ ಗ್ಲಾಸ್ ಹಾಕಬಹುದಾ?

ಬಯಲಿನಲ್ಲಿ ಹಾಕಿ, ತೋಟದ ನೆರಳಿಗೆ ಬಂದ ಕೂಡಲೇ ತೆಗೆಯಿರಿ. ಬಿಸಿಲು-ನೆರಳು ಪಟಪಟನೆ ಬದಲಾಗುವ ಕಡೆ ಕಣ್ಣು ಹೊಂದಿಕೊಳ್ಳಲು ಹೊತ್ತು ಬೇಕು. ನೆರಳಿನಲ್ಲಿ ಕಪ್ಪು ಕೊಡೆ ಹಿಡಿದು ನಡೆಯುವವರು ಕಪ್ಪು ಕನ್ನಡಕದೊಳಗಿಂದ ಕಾಣುವುದೇ ಇಲ್ಲ.

ಗಾಜಿಗೆ ಕೂಲಿಂಗ್ ಫಿಲ್ಮ್ ಹಾಕಿಸಿದರೆ ದಂಡ ಬೀಳುತ್ತದಾ?

2012ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸುವುದನ್ನು ನಿಷೇಧಿಸಿತು. ಆಮೇಲೆ ಕೇಂದ್ರ ಮೋಟಾರು ವಾಹನ ನಿಯಮಗಳ 100ನೇ ನಿಯಮಕ್ಕೆ ತಿದ್ದುಪಡಿ ಬಂದು, 2021ರ ಏಪ್ರಿಲ್ 1ರಿಂದ 'ಸೇಫ್ಟಿ ಗ್ಲೇಜಿಂಗ್' ಎಂಬ ಮಾತು ಸೇರಿತು, ಅಂದರೆ ಒಳಮೈಗೆ ಪ್ಲಾಸ್ಟಿಕ್ ಫಿಲ್ಮ್ ಇರುವ ಗಾಜೂ ಅದರಲ್ಲಿ ಬಂತು. ಅದರ ಆಧಾರದಲ್ಲಿ ಕೇರಳ ಹೈಕೋರ್ಟ್ 2024ರ ಸೆಪ್ಟೆಂಬರ್‌ನಲ್ಲಿ, ನಿಯಮಕ್ಕೆ ಒಪ್ಪುವ ಫಿಲ್ಮ್ ಹಾಕಬಹುದು ಅಂತ ಹೇಳಿತು. ಮುಂದಿನ, ಹಿಂದಿನ ಗಾಜಿನಲ್ಲಿ ಕನಿಷ್ಠ ಶೇಕಡಾ 70, ಬದಿಯ ಗಾಜಿನಲ್ಲಿ ಕನಿಷ್ಠ ಶೇಕಡಾ 50 ಬೆಳಕು ದಾಟಬೇಕು. ಅಂಗಡಿಯವರು "ಇದು ಓಕೆ" ಅಂದರೆ ಸಾಲದು. ಐಎಸ್‌ಐ ಗುರುತು, ಶೇಕಡಾವಾರು ಬರೆದ ಬಿಲ್ಲು ತೆಗೆದುಕೊಳ್ಳಿ. ಆ ತೀರ್ಪು ಕೇರಳದ ಹೈಕೋರ್ಟಿನದು. ತಲಪಾಡಿ ಗಡಿ ದಾಟಿ ಕರ್ನಾಟಕಕ್ಕೆ ಹೋದ ಮೇಲೆ ಪೊಲೀಸರು ನಿಲ್ಲಿಸಿದರೆ ಮಾತು ಬೆಳೆಯಬಹುದು.

ನಮ್ಮ ಮಟ್ಟಿಗೆ ಫಿಲ್ಮ್ ಅಷ್ಟೇನೂ ಬೇಕಾಗಿಲ್ಲ. ಕಾರ್ಖಾನೆಯಿಂದ ಬರುವ ಗಾಜಿನಲ್ಲೇ ತೆಳು ಹಸಿರು ಛಾಯೆ ಇರುತ್ತದೆ. ಆಟಿ ತಿಂಗಳ ಮಳೆಗೆ ಮಧ್ಯಾಹ್ನ ಮೂರಕ್ಕೇ ಕತ್ತಲಾಗುವ ಊರಿನಲ್ಲಿ ಬೆಳಕು ಕಡಿಮೆ ಮಾಡಿಕೊಳ್ಳುವುದು ಯಾಕೆ?

ಕಿಟಕಿಗೆ ಬಲೆಯಂಥ ಪರದೆ?

ಓಡುವಾಗ ಬೇಡ. ಮುಂದಿನ ಕಿಟಕಿಗಂತೂ ಬೇಡವೇ ಬೇಡ, ಬದಿಯ ಕನ್ನಡಿಯೇ ಮರೆಯಾಗುತ್ತದೆ. 2021ರ ಜನವರಿಯಲ್ಲಿ ಕೇರಳದ ಮೋಟಾರು ವಾಹನ ಇಲಾಖೆ 'ಆಪರೇಷನ್ ಸ್ಕ್ರೀನ್' ಅಂತ ಶುರು ಮಾಡಿ ಪರದೆ, ಕಪ್ಪು ಫಿಲ್ಮ್ ಇದ್ದ ಗಾಡಿಗಳಿಗೆ ದಂಡ ಹಾಕಿತ್ತು.

ನಿಲ್ಲಿಸಿದ ಕಾರಿಗೆ ಮುಂದಿನ ಗಾಜಿನೊಳಗೆ ಹರಡುವ ಬೆಳ್ಳಿ ಬಣ್ಣದ ಶೇಡ್ ಒಳ್ಳೆಯದು. ಬೇಕಲ ಕೋಟೆಯ ಹತ್ತಿರ ಮಧ್ಯಾಹ್ನ ಕಾರು ನಿಲ್ಲಿಸಿ ತಿರುಗಿ ಬಂದರೆ ಸ್ಟಿಯರಿಂಗ್ ಮುಟ್ಟಲಿಕ್ಕಾದರೂ ಆಗುತ್ತದೆ. ತೆಂಗಿನ ಮರದಡಿ ನೆರಳಿದೆ ಅಂತ ನಿಲ್ಲಿಸಬೇಡಿ, ಕಾರಣ ಹೇಳಬೇಕಾಗಿಲ್ಲ.

ವೈಪರ್ ಬ್ಲೇಡು ಯಾವಾಗ ಬದಲಿಸಬೇಕು?

ವರ್ಷಕ್ಕೊಮ್ಮೆ, ಪತ್ತನಾಜೆಯ ಹೊತ್ತಿಗೆ. ಮೇ ತಿಂಗಳ 24-25ಕ್ಕೆ ಬರುವ ಆ ದಿನ ಕೋಲ, ಯಕ್ಷಗಾನದ ಮೇಳಗಳು ಗೆಜ್ಜೆ ಬಿಚ್ಚುತ್ತವೆ, ಮಳೆ ಬಾಗಿಲಿಗೆ ಬಂದಿರುತ್ತದೆ. ನೆನಪಿಡಲು ಸುಲಭ. ಬ್ಲೇಡಿನ ರಬ್ಬರು ಹಾಳಾಗುವುದು ಮಳೆಯಿಂದ ಅಲ್ಲ, ಅದಕ್ಕೆ ಮೊದಲಿನ ಬಿಸಿಲಿನಿಂದ. ಮಾರ್ಚ್, ಏಪ್ರಿಲ್, ಮೇ ಮೂರೂ ತಿಂಗಳು ಕಾದ ಗಾಜಿನ ಮೇಲೆ ಮಲಗಿ ರಬ್ಬರು ಗಟ್ಟಿಯಾಗುತ್ತದೆ, ಅಂಚು ಒಂದೇ ಕಡೆಗೆ ಬಾಗಿ ಕೂರುತ್ತದೆ. ಮೊದಲ ಮಳೆಗೆ ಅದು ಕಿರಿಚುತ್ತದೆ.

ಬೆರಳಿನಿಂದ ಅಂಚು ಸವರಿ ನೋಡಿ. ಬಿರುಕು, ಹಲ್ಲು, ಗಟ್ಟಿತನ ಇದ್ದರೆ ಬದಲಿಸಿ. ಗಾಜಿನ ಮೇಲೆ ನೀರಿನ ಗೆರೆ ಉಳಿದರೆ, ನಡುವೆ ಒಂದು ಪಟ್ಟಿ ಒರೆಸದೆ ಬಿಟ್ಟರೆ, ವೈಪರ್ ಕುಪ್ಪಳಿಸುತ್ತಾ ಹೋದರೆ ಕಾಲ ಮುಗಿಯಿತು ಅಂತ.

ಯಾವ ಬ್ಲೇಡು ತಗೊಳ್ಳಲಿ? ನಾನೇ ಹಾಕಬಹುದಾ?

ಹಾಕಬಹುದು, ಐದು ನಿಮಿಷದ ಕೆಲಸ. ಅಳತೆ ಇಂಚಿನಲ್ಲಿ ಇರುತ್ತದೆ. ಹೆಚ್ಚಿನ ಕಾರುಗಳಲ್ಲಿ ಡ್ರೈವರ್ ಕಡೆಯದು ಉದ್ದ, ಎಡಗಡೆಯದು ಗಿಡ್ಡ. ಕಾರಿನ ಪುಸ್ತಕದಲ್ಲಿ ನೋಡಿ, ಇಲ್ಲವೇ ಹಳೆಯದನ್ನೇ ಅಂಗಡಿಗೆ ಒಯ್ಯಿರಿ. ಉದ್ದ ಜಾಸ್ತಿಯಾದರೆ ಎರಡು ಬ್ಲೇಡು ಒಂದಕ್ಕೊಂದು ತಾಗುತ್ತವೆ. ಬೆಲೆ ಕೆಲವು ನೂರು ರೂಪಾಯಿ. ಕಬ್ಬಿಣದ ಚೌಕಟ್ಟಿನದಾದರೂ, ಚೌಕಟ್ಟಿಲ್ಲದ ಚಪ್ಪಟೆ ಬ್ಲೇಡಾದರೂ ನಡೆಯುತ್ತದೆ. ರಬ್ಬರು ಹೊಸದಿರುವುದು ಮುಖ್ಯ.

ಬ್ಲೇಡು ತೆಗೆದಾಗ ಗಾಜಿನ ಮೇಲೆ ದಪ್ಪ ಟವೆಲ್ ಹಾಸಿ. ಎತ್ತಿ ನಿಲ್ಲಿಸಿದ ಕೈಗೆ ಸ್ಪ್ರಿಂಗ್ ಇದೆ. ಜಾರಿ ಬಿದ್ದರೆ ಬರಿಯ ಕಬ್ಬಿಣ ಗಾಜಿಗೆ ಬಡಿದು ಬಿರುಕು ಬಿಡುತ್ತದೆ. ಆಮೇಲೆ ಬ್ಲೇಡಿನ ದುಡ್ಡಿನಲ್ಲಿ ಮುಗಿಯುವುದಿಲ್ಲ.

ಹೊಸ ಬ್ಲೇಡು ಹಾಕಿದರೂ ಗೆರೆ ಬೀಳುತ್ತದೆ.

ಗಾಜಿನಲ್ಲಿ ಜಿಡ್ಡು ಇದೆ. ಲಾರಿಗಳ ಹೊಗೆ, ಕಡಲ ಕಡೆಯ ಉಪ್ಪುಗಾಳಿ, ಹಲಸಿನ ಮರದಡಿ ಬಿದ್ದ ಮೇಣ, ತೊಳೆಯುವವರು ಹಚ್ಚಿದ ಪಾಲಿಶ್ ಎಲ್ಲ ಸೇರಿ ಒಂದು ಪದರ ಆಗಿರುತ್ತದೆ. ಗಾಜನ್ನು ಗ್ಲಾಸ್ ಕ್ಲೀನರ್ ಹಾಕಿ ಚೆನ್ನಾಗಿ ತೊಳೆಯಿರಿ. ಬ್ಲೇಡಿನ ಅಂಚನ್ನೂ ಒದ್ದೆ ಬಟ್ಟೆಯಲ್ಲಿ ಒರೆಸಿ. ಬಟ್ಟೆಗೆ ಕಪ್ಪು ಹತ್ತುವುದು ನಿಲ್ಲುವವರೆಗೆ.

ಬೇಸಿಗೆಯಲ್ಲಿ ಗಾಜೆಲ್ಲ ಕೆಂಪು ಹುಡಿ. ವೈಪರ್ ಹಾಕಿದರೆ ಸಾಕಲ್ವಾ?

ಒಣಗಾಜಿಗೆ ವೈಪರ್ ಹಾಕಲೇಬೇಡಿ. ಮುರಕಲ್ಲಿನ ಹುಡಿಯಲ್ಲಿ ಗಟ್ಟಿ ಕಣಗಳಿರುತ್ತವೆ. ವೈಪರ್ ಅವನ್ನು ಮರಳುಕಾಗದದಂತೆ ಗಾಜಿಗೆ ಉಜ್ಜುತ್ತದೆ. ಆ ಗೀರು ಹಗಲು ಕಾಣುವುದಿಲ್ಲ, ರಾತ್ರಿ ಎದುರು ಲೈಟು ಬಿದ್ದಾಗ ಬಿಲ್ಲಿನ ಆಕಾರದಲ್ಲಿ ಎದ್ದು ಕಾಣುತ್ತದೆ. ಮೊದಲು ನೀರು ಚಿಮ್ಮಿಸಿ, ಆಮೇಲೆ ವೈಪರ್. ಹುಡಿ ದಪ್ಪವಾಗಿದ್ದರೆ ಬಾಟಲಿಯಿಂದ ನೀರು ಸುರಿಯಿರಿ.

ಚಿಮ್ಮಿಸುವ ಟ್ಯಾಂಕಿಗೆ ಶುದ್ಧ ನೀರು, ಜೊತೆಗೆ ಅದಕ್ಕೆಂದೇ ಸಿಗುವ ದ್ರವ ಹಾಕಿ. ಪಾತ್ರೆ ತೊಳೆಯುವ ಸೋಪು ಹಾಕಿದರೆ ನೊರೆ ಎದ್ದು, ಒಣಗಿ, ಗಾಜು ಮಸುಕಾಗುತ್ತದೆ. ಗಡಸು ನೀರು ಹಾಕಿದರೆ ತೂತು ಕಟ್ಟುತ್ತದೆ. ಕಟ್ಟಿದ ತೂತನ್ನು ಸೂಜಿಯಿಂದ ಬಿಡಿಸಬಹುದು.

ಮಳೆಗೆ ಒಳಗಡೆ ಗಾಜಿಗೆ ಮಂಜು ಹಿಡಿಯುತ್ತದೆ. ಒರೆಸಿ ಒರೆಸಿ ಸಾಕಾಯಿತು.

ಕೈಯಿಂದ ಒರೆಸಬೇಡಿ, ಜಿಡ್ಡು ಹತ್ತುತ್ತದೆ. ಎಸಿ ಹಾಕಿ, ಗಾಳಿಯನ್ನು ಮುಂದಿನ ಗಾಜಿಗೆ ತಿರುಗಿಸಿ, ಒಳಗಾಳಿ ಸುತ್ತುವ ಗುಂಡಿ ಆರಿಸಿ ಹೊರಗಾಳಿ ಬಿಡಿ. ಎಸಿ ಗಾಳಿಯನ್ನು ತಂಪು ಮಾಡುವುದರ ಜೊತೆಗೆ ಅದರ ತೇವವನ್ನೂ ತೆಗೆಯುತ್ತದೆ. ಒಂದೆರಡು ನಿಮಿಷದಲ್ಲಿ ಗಾಜು ತಿಳಿಯಾಗುತ್ತದೆ. ಚಳಿ ಅನಿಸಿದರೆ ಬಿಸಿಯ ಗುಂಡಿಯನ್ನೂ ಸ್ವಲ್ಪ ತಿರುಗಿಸಿ. ಎಸಿ, ಹೀಟರ್ ಒಟ್ಟಿಗೆ ಓಡಿಸಿದರೆ ಏನೂ ಆಗುವುದಿಲ್ಲ.

ಮಂಜು ಹೊರಗಡೆ ಹಿಡಿದಿದ್ದರೆ ಉತ್ತರ ತಲೆಕೆಳಗು. ಒಳಗಿನ ತಣ್ಣನೆ ಗಾಳಿಗೆ ಗಾಜು ತಂಪಾಗಿ ಹೊರಗಿನ ತೇವ ಅದರ ಮೇಲೆ ಕೂತಿದೆ. ವೈಪರ್ ಒಮ್ಮೆ ಆಡಿಸಿ, ಎಸಿಯ ತಂಪು ಕಡಿಮೆ ಮಾಡಿ. ಎಲ್ಲಿ ಹಿಡಿದಿದೆ ಅಂತ ಬೆರಳು ಮುಟ್ಟಿಸಿದರೆ ತಿಳಿಯುತ್ತದೆ. ಒದ್ದೆ ಕೊಡೆ, ಒದ್ದೆ ಚಪ್ಪಲಿ, ನೆನೆದ ಮ್ಯಾಟು ಕಾರಿನೊಳಗೇ ಇದ್ದರೆ ಮಂಜು ಮತ್ತೆ ಮತ್ತೆ ಬರುತ್ತದೆ.

ಹಿಂದಿನ ಗಾಜಿನ ಕೆಂಪು ಗೆರೆಗಳು ಬಿಸಿಯಾಗಿ ಮಂಜು ಕರಗಿಸುವ ತಂತಿ. ಒರೆಸುವಾಗ ಗೆರೆಯ ಗುಂಟ ಅಡ್ಡಕ್ಕೆ ಒರೆಸಿ, ಉಗುರಿನಿಂದ ಕೆರೆಯಬೇಡಿ.

ಜೋರು ಮಳೆಯಲ್ಲಿ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಹೋಗುತ್ತೇವೆ. ಸರಿ ತಾನೇ?

ಸರಿಯಲ್ಲ. ಅದು ನಿಂತ ಗಾಡಿಯ ಗುರುತು. ಓಡುತ್ತಾ ಹಾಕಿದರೆ ನೀವು ಎಡಕ್ಕೋ ಬಲಕ್ಕೋ ಅಂತ ಹಿಂದಿನವರಿಗೆ ಗೊತ್ತಾಗುವುದಿಲ್ಲ. ಹೆಡ್‌ಲೈಟ್ ಡಿಪ್ಪಿನಲ್ಲಿ ಹಾಕಿ, ಹಿಂದಿನ ಕೆಂಪು ಲೈಟೂ ಜೊತೆಗೇ ಉರಿಯುತ್ತದೆ. ಬ್ರೈಟ್ ಬೇಡ, ಮಳೆಹನಿಗೆ ತಾಗಿ ಬೆಳಕು ನಿಮ್ಮ ಕಣ್ಣಿಗೇ ಮರಳುತ್ತದೆ. ಎದುರಿನಿಂದ ಲಾರಿ ಬರುವುದು ಕಂಡ ಕೂಡಲೇ ವೈಪರನ್ನು ಪೂರ್ತಿ ವೇಗಕ್ಕೆ ಹಾಕಿ, ಕೆಸರುನೀರು ಬಿದ್ದ ಮೇಲೆ ಹುಡುಕುವುದಲ್ಲ. ಪೂರ್ತಿ ವೇಗದಲ್ಲೂ ಕಾಣದಿದ್ದರೆ ರಸ್ತೆಯಿಂದ ಪೂರ್ತಿ ಇಳಿದು ನಿಲ್ಲಿಸಿ. ಆಗ ಆ ನಾಲ್ಕೂ ಲೈಟು ಹಾಕಿ.

ದಾರಿಯಲ್ಲೇ ವೈಪರ್ ಕೈಕೊಟ್ಟರೆ?

ಮೊದಲು ಫ್ಯೂಸ್ ನೋಡಿ. ಪೆಟ್ಟಿಗೆಯ ಮುಚ್ಚಳದಲ್ಲೇ ಯಾವುದು ಯಾವುದರದ್ದು ಅಂತ ಚಿತ್ರ ಇರುತ್ತದೆ. ಮೋಟರಿನ ಸದ್ದು ಬರುತ್ತದೆ, ಕೈ ಆಡುವುದಿಲ್ಲ ಅಂದರೆ ಬುಡದ ನಟ್ಟು ಸಡಿಲವಾಗಿರಬಹುದು.

ಹಳೆಯ ಲಾರಿ ಡ್ರೈವರುಗಳು ಬೀಡಿಯ ಹೊಗೆಸೊಪ್ಪು ಬಿಚ್ಚಿ ಗಾಜಿಗೆ ತಿಕ್ಕುತ್ತಿದ್ದರು. ನೀರು ಹನಿಯಾಗಿ ನಿಲ್ಲದೆ ತೆಳುವಾಗಿ ಹರಡಿ ಸ್ವಲ್ಪ ಹೊತ್ತು ದಾರಿ ಕಾಣುತ್ತದೆ. ಪಳ್ಳಿಕ್ಕರೆ ಕಡೆ ಹೊಗೆಸೊಪ್ಪು ಬೆಳೆಯುತ್ತಿದ್ದ ಜಿಲ್ಲೆಯವರಿಗೆ ಅದೇನು ಕಷ್ಟವಿರಲಿಲ್ಲ. ಹತ್ತಿರದ ಗ್ಯಾರೇಜಿಗೆ ನಿಧಾನ ಹೋಗಲಿಕ್ಕೆ ಸಾಕು, ಮಂಗಳೂರಿಗೆ ಹೊರಡಲಿಕ್ಕೆ ಅಲ್ಲ.

ಕನ್ನಡಿಗೆ ದೇವರ ಮಾಲೆ ತೂಗಿಸಬಹುದಾ?

ಡ್ಯಾಶ್‌ಬೋರ್ಡಿನಲ್ಲಿ ಇಡಿ. ತೂಗಾಡುವ ವಸ್ತು ಕಣ್ಣನ್ನು ಎಳೆಯುತ್ತದೆ, ಎಡಗಡೆಯಿಂದ ರಸ್ತೆ ದಾಟುವವರನ್ನು ಮರೆಮಾಡುತ್ತದೆ.

ಟಿಪ್ಪರಿನಿಂದ ಜಲ್ಲಿ ಹಾರಿ ಗಾಜಿನಲ್ಲಿ ಚುಕ್ಕಿ ಬಿದ್ದಿದೆ. ಹಾಗೇ ಬಿಡಬಹುದಾ?

ಬಿಡಬೇಡಿ. ಮುಂದಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ ಇದೆ. ಹಾಗಾಗಿ ಕೂಡಲೇ ಒಡೆದು ಬೀಳುವುದಿಲ್ಲ. ಆದರೆ ಬಿಸಿಲಿಗೆ ಕಾದ ಗಾಜಿನ ಮೇಲೆ ಹಠಾತ್ ಮಳೆ ಬಿದ್ದರೆ ಚುಕ್ಕಿ ಗೆರೆಯಾಗಿ ಓಡುತ್ತದೆ. ಸಣ್ಣ ಚುಕ್ಕಿಯನ್ನು ರಾಳ ತುಂಬಿ ರಿಪೇರಿ ಮಾಡುತ್ತಾರೆ. ನಿಮ್ಮ ಕಣ್ಣಿನ ನೇರಕ್ಕೇ ಇದ್ದರೆ, ಇಲ್ಲವೇ ಗೆರೆ ಅಂಚಿನವರೆಗೆ ಹೋಗಿದ್ದರೆ ಗಾಜೇ ಬದಲಿಸಬೇಕು. ಇನ್ಶೂರೆನ್ಸ್ ಇದ್ದರೆ ಬಿಚ್ಚಿಸುವ ಮೊದಲು ಫೋಟೋ ತೆಗೆದು ಅವರಿಗೆ ತಿಳಿಸಿ. ರಿಪೇರಿ ಆಗುವವರೆಗೆ ಚುಕ್ಕಿಯ ಮೇಲೆ ಪಾರದರ್ಶಕ ಟೇಪು ಅಂಟಿಸಿ, ಹುಡಿ ಮತ್ತು ನೀರು ಒಳಗೆ ಹೋಗದಿರಲಿ.